ನವಾಬನ ಮೂಗಿಗೆ ನತ್ತು

ಇಲಿ ಹುರಿ ಕಡಿಯದಿದ್ದರೆ ನವಾಬನ ಮೂಗಿಗೆ ನತ್ತು ಏರುತ್ತಿರಲಿಲ್ಲ.

ವಿಷ್ಣುಪುರದ ನೇಕಾರರ ಓಣಿಯಲ್ಲಿ, ಖಗೇನನ ಮಗ್ಗದ ಮೇಲೆ ಬಾಲುಚರಿ ರೇಷ್ಮೆ ಸೀರೆಯ ಸೆರಗು ಕೂತಿತ್ತು. ಹುಕ್ಕಾ ಸೇದುವ ನವಾಬ, ಅವನೆದುರು ಗುಲಾಬಿ ಮೂಸುವ ಬೇಗಂ. ಅದೇ ಜೋಡಿ ಸೆರಗಿನುದ್ದಕ್ಕೂ ಸಾಲುಸಾಲಾಗಿ. ಚಿತ್ರ ಮೂಡಿಸುವ ತೂತಿನ ರಟ್ಟುಗಳನ್ನು ಹುರಿಯಲ್ಲಿ ಹೊಲಿದು ಮಗ್ಗದ ನೆತ್ತಿಗೆ ಮಾಲೆಯಂತೆ ತೂಗುಬಿಟ್ಟಿದ್ದ. ಆ ಹುರಿಯನ್ನೇ ಇಲಿ ಕಡಿಯಿತು. ಉದುರಿದ ರಟ್ಟುಗಳನ್ನು ಖಗೇನ್ ಆರಿಸಿ, ಹೊಲಿದು, ನೇಯ್ಗೆ ಮುಂದುವರಿಸಿದ.

ಸೀರೆಯ ಮುಖ ಕೆಳಗೆ, ನೇಯುವವನಿಗೆ ಕಾಣುವುದು ಅದರ ಬೆನ್ನು. ಬೆಳಗ್ಗೆ ಕನ್ನಡಿಯನ್ನು ಮಗ್ಗದಡಿ ಹಿಡಿದು ನೋಡಿದವನು ಹಾವು ತುಳಿದವನಂತೆ ಕೂಗಿದ. ಕನ್ನಡಿ ಬಿದ್ದು ಚೂರಾಯಿತು.

ಹೆಂಡತಿ ಶೆಫಾಲಿ ಬಗ್ಗಿ ನೋಡಿದಳು. ತಲೆಯ ಭಾಗದ ರಟ್ಟುಗಳು ಮಗುಚಿಕೊಂಡು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹೋಗಿತ್ತು. ನವಾಬನ ಮೈಮೇಲೆ ನತ್ತಿಟ್ಟ ಬೇಗಮ್ಮಳ ತಲೆ; ಬೇಗಮ್ಮಳ ಮೈಮೇಲೆ ಗಡ್ಡದ ತಲೆ. ಗಡ್ಡ ಗುಲಾಬಿ ಮೂಸುತ್ತಿತ್ತು.

"ಸಂಜೆ ನಕುಲಬಾಬು ಬರ್ತಾರೆ!" ಎಂದು ಖಗೇನ್ ತಲೆ ಮೇಲೆ ಕೈ ಹೊತ್ತ. ಮಗ್ಗ ಸಾಹುಕಾರ ನಕುಲಬಾಬುವಿನದು. ಹೋದ ಸೀರೆಯಲ್ಲಿ ಕುದುರೆಗೆ ಐದನೇ ಕಾಲು ಬಂದಾಗಲೇ ಆತ ಹೇಳಿದ್ದ: ಇನ್ನೊಂದು ತಪ್ಪಾದರೆ ಮಗ್ಗ ಬಿಚ್ಚಿ ಪಕ್ಕದ ಬೀದಿಯ ಭುವನನಿಗೆ ಕೊಡುತ್ತೇನೆ.

ಕೂಗು ಕೇಳಿ ಓಣಿಯೇ ಬಂತು. ಮೊದಲು ಬಂದವಳು ಓಣಿಗೆಲ್ಲ ಸೋದರತ್ತೆಯಾದ ಖ್ಯಾಂತೊ ಪಿಶಿ.

"ಇದನ್ನ ಉಟ್ಕೊಂಡ ಮದುಮಗಳಿಗೆ ಗಡ್ಡ ಬರತ್ತೆ, ನೋಡ್ತಿರು!" ಎಂದಳು.

"ಏನೂ ಆಗಲ್ಲ ಪಿಶಿ," ಎಂದ, ಖಗೇನನನ್ನು ಅಣ್ಣನೆಂದೂ ಶೆಫಾಲಿಯನ್ನು ಅತ್ತಿಗೆಯೆಂದೂ ಕರೆಯುವ ಪಕ್ಕದ ಮನೆಯ ಪಟಲ್. "ಖಗೇನ್‌ದಾ ಮನೇಲಿ ಇರೋದೇ ಹಾಗಲ್ವಾ? ಮೈ ದಾದಾದು, ತಲೆ ಬೌದಿದು."

ಶೆಫಾಲಿ ನಗಲಿಲ್ಲ. "ತಲೆ ನಂದೇ ಆಗಿದ್ರೆ ರಟ್ಟು ಸರಿಯಾಗಿ ಹೊಲೀತಿದ್ದೆ. ಬಿಚ್ಚಿ ಎಲ್ಲಾ!"

ಬಿಚ್ಚಿದರು. ಒಬ್ಬೊಬ್ಬರೂ ಒಂದೊಂದು ಕಡೆ ಎಳೆದರು. ಪಿಶಿಯ ಬಳೆಗೆ ಸಿಕ್ಕಿದ ರೇಷ್ಮೆ ಬಿಡಿಸಲು ಪಟಲ್, ಪಟಲನ ಗುಂಡಿಗೆ ಸಿಕ್ಕಿದ್ದು ಬಿಡಿಸಲು ಇನ್ನೊಬ್ಬ. ಕೊನೆಗೆ ಮೂವರೂ ಬಲೆಗೆ ಬಿದ್ದ ಮೀನುಗಳಂತೆ ಒಟ್ಟಿಗೆ ಒದ್ದಾಡಿದರು. ಮಧ್ಯಾಹ್ನದ ಹೊತ್ತಿಗೆ ನವಾಬ ಬೇಗಂ ಇಬ್ಬರಿಗೂ ತಲೆಯೇ ಇರಲಿಲ್ಲ.

ಖಗೇನ್ ತಪ್ಪಿದ ರಟ್ಟುಗಳನ್ನು ಬಿಚ್ಚಿ, ಕಟ್ಟಾಗಿ ಮಗ್ಗದ ಪಕ್ಕ ಇಟ್ಟ.

"ಊಟ ಆರ್ತಿದೆ!" ಒಳಗಿಂದ ಶೆಫಾಲಿ ಕೂಗಿದಳು.

"ಹೋಗಿ ದಾದಾ, ನಾನು ಕಾಯ್ತೀನಿ," ಎಂದ ಪಟಲ್, ಮಂಡಕ್ಕಿ ಮೆಲ್ಲುತ್ತ.

ಖಗೇನ್ ಸಾಸಿವೆ ಮೀನು ಅನ್ನವನ್ನು ಗಬಗಬ ನುಂಗಿ ಬಂದು, ಕಟ್ಟನ್ನು ಎತ್ತಿ ಮಗುಚಿ ಹೊಲಿದ. ಲಾಳಿ ಓಡಿಸಿದ. ಅವನ ಕೈ ಅಷ್ಟು ಚುರುಕಾಗಿ ಆಡಿದ್ದನ್ನು ಮಗ್ಗವೂ ಕಂಡಿರಲಿಲ್ಲ. ಬಗ್ಗಿ ನೋಡುವಷ್ಟು ಪುರುಸೊತ್ತೂ ಇರಲಿಲ್ಲ. ಕೊನೆಯ ಪೇಟದ ತುದಿ ಮುಗಿಯುವುದಕ್ಕೂ ನಕುಲಬಾಬು ಹೊಸಿಲು ದಾಟುವುದಕ್ಕೂ ಸರಿಹೋಯಿತು.

"ಕನ್ನಡಿ ಎಲ್ಲಪ್ಪ?"

"ಒಡೆದುಹೋಯ್ತು ಬಾಬು. ನಂಬಿ, ಈ ಸಲ ಒಂದೂ ತಪ್ಪಿಲ್ಲ."

ನಕುಲಬಾಬು ನಂಬುವವನಲ್ಲ. ಅಂಗಾತ ಮಲಗಿ, ಹೊಟ್ಟೆ ಹಿಡಿದುಕೊಂಡು ಮಗ್ಗದಡಿ ಜಾರಿದ. ಬಾಗಿಲಲ್ಲಿ ಓಣಿಯೇ ಮುಗಿಬಿತ್ತು.

"ಖಗೇನ್," ಕೆಳಗಿಂದ ದನಿ ಬಂತು. "ಬೇಗಮ್ಮಂಗೆ ಕ್ಷೌರ ಮಾಡಿಸೋದು ಯಾವಾಗ?"

ಖಗೇನ್ ಧೊಪ್ಪನೆ ಕೂತ. "ನಾನೇ... ನನ್ನ ಕೈಯಾರೆ ತಿರುಗಿಸಿದ್ದು!"

"ನೀವ್ಯಾಕೆ ತಿರುಗಿಸೋಕೆ ಹೋದ್ರಿ ದಾದಾ?" ಪಟಲ್ ನೊಂದುಕೊಂಡ. "ಪಾಪ, ನೀವು ಊಟ ಮಾಡಿ ಬರೋದ್ರೊಳಗೆ ಕೆಲಸ ಹಗುರಾಗ್ಲಿ ಅಂತ ನಾನೇ ಕಟ್ಟನ್ನ ತಿರುಗಿಸಿಟ್ಟಿದ್ನಲ್ಲ!"

ಮಗ್ಗದಡಿ ನಕುಲಬಾಬುವಿನ ಹೊಟ್ಟೆ ನಗುವಿನಿಂದ ಕುಣಿಯಿತು. ಕುಣಿದ ಹೊಟ್ಟೆ ಮರಕ್ಕೆ ಸಿಕ್ಕಿಕೊಂಡಿತು. ನಾಲ್ಕು ಜನ ಕಾಲು ಹಿಡಿದು ಎಳೆದರು. "ನಾಳೆ ಸಂಜೆ," ಎಂದ ಆತ ಕಣ್ಣೊರೆಸುತ್ತ. "ಅವರವರ ತಲೆ ಅವರವರ ಕತ್ತಿನ ಮೇಲಿರ್ಬೇಕು. ಇಲ್ದಿದ್ರೆ ಮಗ್ಗ ಭುವನಂಗೆ."

ಮತ್ತೆ ಬಿಚ್ಚಲು ಎಲ್ಲರೂ ಸುತ್ತ ಕೂತರು. ಶೆಫಾಲಿ ಚಹಾ ಬಗ್ಗಿಸುತ್ತ ಗೊಣಗಿದಳು: "ಈ ಪಟಲ್ ಒಂದ್ಸಲ ತಿರುಗಿಸಿದ, ನೀವು ಒಂದ್ಸಲ ತಿರುಗಿಸಿದ್ರಿ. ಇನ್ಯಾರಾದ್ರೂ ಇನ್ನೊಂದ್ಸಲ ತಿರುಗಿಸಿದ್ರೆ ಸರಿಹೋಗ್ತಿತ್ತು!"

ಖ್ಯಾಂತೊ ಪಿಶಿಯ ಕೈಯಲ್ಲಿ ಲೋಟ ನಿಂತಿತು.

"ಹರಿ ಹರಿ! ನೀನು ಊಟಕ್ಕೆ ಕೂತಿದ್ದಾಗ ನಾನೂ ಆ ಕಟ್ಟನ್ನ ತಿರುಗಿಸೋಣ ಅಂತಲೇ ಒಳಗೆ ಕಾಲಿಟ್ಟಿದ್ದೆ ಕಣೋ ಖಗೇನ್. ಬೇರೆಯವರ ವಿಷಯ ನಮಗ್ಯಾಕೆ ಅಂತ, ಇವತ್ತೊಂದು ದಿನ ಸುಮ್ಮನೆ ವಾಪಸ್ ಹೋಗ್ಬಿಟ್ಟೆ!"