ಬಿಸಿಲಲ್ಲಿ ಸುಟ್ಟ ಸರ

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಅದಕ್ಕೇ ದಿನಚರಿ ಬರೆಯುತ್ತೇನೆ. ಇತಿಹಾಸದಲ್ಲಿ ಎಂ.ಎ. ಮಾಡುವಾಗ ಮೇಷ್ಟ್ರೊಬ್ಬರು, ಬರೆದಿಟ್ಟದ್ದೇ ಸಾಕ್ಷಿ, ಬಾಯಿಮಾತನ್ನು ನಂಬಬೇಡಿ ಎಂದಿದ್ದರು. ಅಥವಾ ಅದಕ್ಕೆ ತೀರ ವಿರುದ್ಧವಾದದ್ದನ್ನು ಹೇಳಿದ್ದರೋ ಏನೋ, ಆ ದಿನ ನಾನು ಟಿಪ್ಪಣಿ ಮಾಡಿಕೊಂಡಿರಲಿಲ್ಲ. ಅಂತೂ ಇಪ್ಪತ್ತು ವರ್ಷಗಳಿಂದ ದಿನಕ್ಕೆ ಅರ್ಧ ಪುಟ ತುಂಬಿಸುತ್ತಿದ್ದೇನೆ. ಹಾಲು ಒಡೆದದ್ದು, ಕರೆಂಟು ಹೋದದ್ದು, ಯಾರ ಜೊತೆ ಮಾತು ಬಿಟ್ಟದ್ದು, ಎಲ್ಲ ಅದರಲ್ಲಿದೆ. ಮನೆಯಲ್ಲಿ ಜಗಳವಾದರೆ ಪುಟ ತಿರುವಿ ಓದಿ ತೋರಿಸುತ್ತೇನೆ. ಹೀಗೆ ಎಷ್ಟೋ ಜಗಳ ಗೆದ್ದಿದ್ದೇನೆ. ಮನೆಯವರ ಪ್ರೀತಿಯನ್ನು ಗೆದ್ದಿದ್ದೇನೆಂದು ಹೇಳಲಾರೆ.

ಕಳೆದ ಚಳಿಗಾಲದಲ್ಲಿ ಮಾನ್ವಿಯಲ್ಲಿ ನನ್ನ ಭಾವ ತೀರಿಕೊಂಡರು. ಐದನೆಯ ದಿನ ಹೆಂಗಸರು ಸೇರಿ ನನ್ನ ಅಕ್ಕ ಶರಣಮ್ಮನ ತಾಳಿ, ಬಳೆ, ಕಾಲುಂಗುರ ತೆಗೆದರು. ತಾಳಿ ಅವಳ ಅತ್ತೆಯ ಪೆಟ್ಟಿಗೆ ಸೇರಿತು. ಬಳೆ ಒಡೆದವು. ಕಾಲುಂಗುರದ ಜೋಡಿಯನ್ನು ಅಕ್ಕ ನನ್ನ ಕೈಗೆ ಕೊಟ್ಟು, ಹರಿಯುವ ನೀರಿಗೆ ಬಿಡು ಎಂದಳು. ಮಾನ್ವಿಯಿಂದ ರಾಯಚೂರಿಗೆ ಬರುವ ದಾರಿಯಲ್ಲಿ ಹೊಳೆ ಸಿಗುವುದಿಲ್ಲ. ಕಾಲುವೆ ಸಿಗುತ್ತದೆ, ಅವತ್ತು ಅದರಲ್ಲಿ ನೀರಿರಲಿಲ್ಲ. ಭಾನುವಾರ ಕೃಷ್ಣೆಗೆ ಹೋಗಿ ಬಿಟ್ಟರಾಯಿತು ಎಂದುಕೊಂಡು ಮನೆಗೆ ಬಂದೆ.

ಅಕ್ಕ ಅಂಗನವಾಡಿ ಟೀಚರು. ಆಮೇಲೆ ಅವಳು ಹೊಸ್ತಿಲು ದಾಟಲಿಲ್ಲ. ಸಹಾಯಕಿಯೇ ಹೇಗೋ ನಡೆಸಿಕೊಂಡು ಹೋಗುತ್ತಿದ್ದಳು. ಮೇಲಿನವರು ಎರಡು ಸಲ ಮನೆಗೇ ಬಂದು ನೋಡಿಹೋದರು. ಮೂರನೆಯ ಸಲ ಬಂದವರು, ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗಾದರೂ ಬರದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ಹಾಕುವುದು ಅನಿವಾರ್ಯ ಎಂದು ತಲೆ ತಗ್ಗಿಸಿಕೊಂಡು ಹೇಳಿದರಂತೆ. ನಾನು ಫೋನಿನಲ್ಲಿ ಧೈರ್ಯ, ಸ್ವಾವಲಂಬನೆ ಇತ್ಯಾದಿ ದೊಡ್ಡ ಮಾತುಗಳನ್ನೆಲ್ಲ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಹೋಗಾಕ ಮನಸ್ಸದ ಬೇ. ಆ ಕೂಸುಗೋಳು ನನ್ನ ಸರ ಹಿಡಕೊಂಡ ಜೋತಾಡ್ತಿದ್ವು. ಸರ ಎಲ್ಲಿ ಹೋತು ಟೀಚರ್ ಅಂದ್ರ ಏನು ಹೇಳಲಿ?"

ಆಗ ನನಗೆ ಹೊಳೆದದ್ದು ಮಣ್ಣಿನ ಸರ. ಚಿನ್ನವಲ್ಲ, ಕರಿಮಣಿಯಲ್ಲ, ಮಣ್ಣನ್ನು ಕೊರಳಿಗೆ ಹಾಕಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಓದಿದ ತಂಗಿಯೊಬ್ಬಳು ಇರುವುದು ಮತ್ತೆ ಯಾತಕ್ಕೆ? ಮಣ್ಣಿನ ಒಡವೆ ಮಾಡುವ ವಿಡಿಯೋಗಳನ್ನು ಒಂದು ವಾರ ನೋಡಿದೆ. ಮಣ್ಣಿನ ಮೇಲೆ ಒತ್ತಿ ಉಬ್ಬು ಚಿತ್ತಾರ ಎಬ್ಬಿಸುವ ಉಕ್ಕಿನ ಕಡ್ಡಿಗಳನ್ನು ತರಿಸಿದೆ. ಎರಡೂ ತುದಿಗೆ ಸಾಸಿವೆಯಿಂದ ಕಡಲೆಕಾಳಿನವರೆಗೆ ಬಗೆಬಗೆಯ ಗಾತ್ರದ ಗುಂಡುಗಳು. ಮಣ್ಣು ಮಾತ್ರ ನಮ್ಮ ಕಡೆಯದೇ ಆಗಬೇಕೆಂದು ಹಟ. ನಾವು ದೇವದುರ್ಗದಲ್ಲಿ ಬೆಳೆದವರು. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಲು ಅವ್ವ ಗಬ್ಬೂರಿನ ಹೊಲದ ಎರೆಮಣ್ಣು ತರಿಸುತ್ತಿದ್ದಳೆಂದು ನನ್ನ ನೆನಪು. ಮನೆಯ ಹಿಂದಿನ ಕೆರೆಯದೆಂದು ಅಕ್ಕನ ವಾದ. ಇದಕ್ಕೆ ದಿನಚರಿಯ ಆಧಾರವಿಲ್ಲ, ಆಗ ನನಗೆ ಅಕ್ಷರ ಬರುತ್ತಿರಲಿಲ್ಲ. ಗಬ್ಬೂರಿಗೇ ಹೋಗಿ ಒಂದು ಚೀಲ ಮಣ್ಣು ತುಂಬಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಚೀಲದೊಳಗೆ ಇಣುಕಿ, "ರಾಯಚೂರಾಗ ಮಣ್ಣು ತೀರೇತೇನ್ರೀ ಮೇಡಮ್ಮೋರೆ?" ಎಂದು ಕೇಳಿದ.

ಉಕ್ಕಿನ ಕಡ್ಡಿಗಳಿಂದ ನಾನು ಎಬ್ಬಿಸಿದ ಚಿತ್ತಾರ ಸಿಡುಬು ಬಂದ ಮುಖದ ಹಾಗಿತ್ತು. ಅವನ್ನು ಬದಿಗಿಟ್ಟು ಹಳೆಯ ಬಾಚಣಿಗೆ, ಪೆನ್ನಿನ ರಿಫಿಲ್, ಗಂಡನ ಅಂಗಿಯ ಗುಂಡಿ, ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಒತ್ತಿ ನೋಡಿದೆ. ಕೊನೆಗೆ ಹೊಲಿಗೆಯ ಡಬ್ಬಿಯ ತಳದಲ್ಲಿ ಬೆಳ್ಳಿಯ ಎರಡು ಸುತ್ತು ಸಿಕ್ಕವು. ಒಂದನ್ನು ಒತ್ತಿದರೆ ಮೂರು ಗೆರೆ, ನಡುವೆ ಅಕ್ಕಿಕಾಳಿನಂಥ ಉಬ್ಬು, ಅಚ್ಚುಕಟ್ಟಾಗಿ ಮೂಡಿತು. ಸರದ ಪದಕಕ್ಕೂ ಬಿಲ್ಲೆಗಳಿಗೂ ಅದನ್ನೇ ಒತ್ತಿ, ಮೇಲೆ ಗೋಡೆಗೆ ಬಳಿಯುವ ಕೆಂಪು ಜಾಜು ಹಚ್ಚಿದೆ.

ಒಣಗಿದ ಒಡವೆಯನ್ನು ಬೆಂಕಿಯಲ್ಲಿ ಸುಡಬೇಕೆಂದು ವಿಡಿಯೋದಾಕೆ ಹೇಳಿದ್ದಳು. ಅವಳು ರಾಯಚೂರಿನವಳಲ್ಲ. ನಮ್ಮೂರಿನ ಬಿಸಿಲಿನ ಬಗ್ಗೆ ನಮಗೆಲ್ಲ ಒಂದು ಜಂಬವಿದೆ. ಮೈಯೆಲ್ಲ ಬೊಬ್ಬೆ ಎದ್ದರೂ ಅದನ್ನು ಹೊರಗಿನವರೆದುರು ಹೊಗಳುವುದನ್ನು ನಾವು ಬಿಡುವುದಿಲ್ಲ. "ನಮ್ಮ ಮಾಳಗಿ ಮ್ಯಾಲೆ ಎಂಟು ದಿನ ಇಡು, ಇಟ್ಟಂಗಿನೂ ಬೇಯ್ತಾವ" ಎಂದು ನನ್ನ ಗಂಡ ಹೇಳಿದರು. ಇಟ್ಟಿಗೆ ಬೇಯುತ್ತದೆಂದು ಅವರು ಹೇಳಿದ್ದು ತಮಾಷೆಗೆ. ನಾನು ಹತ್ತು ದಿನ ಇಟ್ಟೆ, ಪಕ್ಕದ ಮನೆಯವರ ಮೆಣಸಿನಕಾಯಿಯ ಜೊತೆಗೆ. ಬೆರಳಿನಿಂದ ಬಡಿದರೆ ಟಣ್ ಎನ್ನುತ್ತಿತ್ತು. ಗೆದ್ದೆ ಎಂದುಕೊಂಡೆ.

ಅಮಾವಾಸ್ಯೆಯ ಬೆಳಿಗ್ಗೆ ಮಾನ್ವಿಯಲ್ಲಿ ಸರವನ್ನು ಅಕ್ಕನ ಅಂಗೈಯಲ್ಲಿಟ್ಟೆ. ಅವಳ ಅತ್ತೆ ಏನೆನ್ನುತ್ತಾರೋ ಎಂದು ಅದಕ್ಕೆ ತಕ್ಕ ಭಾಷಣವನ್ನು ಬಸ್ಸಿನಲ್ಲೇ ತಯಾರು ಮಾಡಿಕೊಂಡಿದ್ದೆ. ಅದು ವ್ಯರ್ಥವಾಯಿತು.

"ಮಣ್ಣಿಂದು ತಾನ? ಹಾಕ್ಕೊಳ್ಳಲಿ ಬಿಡು. ನನಗರ ಯಾರು ತಂದು ಕೊಟ್ಟಿದ್ರು?" ಎಂದು ಆಕೆ ಗೋಡೆಯ ಕಡೆ ನೋಡುತ್ತ ಹೇಳಿದರು. ಆಕೆಯ ಕೊರಳೂ ಬರಿದೇ ಇತ್ತು, ಅಕ್ಕನ ಮದುವೆಗೂ ಮುಂಚಿನಿಂದ. ನಾನು ಅದನ್ನು ನೋಡಿದ್ದು ಅವತ್ತೇ.

ಅಕ್ಕ ಹೆಬ್ಬೆರಳಿನಿಂದ ಪದಕದ ಮೂರು ಗೆರೆಯನ್ನು ಸವರಿದಳು, ಮತ್ತೆ ಸವರಿದಳು.

"ಇದು ನನ್ನ ಕಾಲುಂಗುರದ ಗುರುತು."

ಆ ಬೆಳ್ಳಿಯ ಸುತ್ತು ಯಾರದೆಂದು ನನಗೆ ತಿಳಿದದ್ದು ಆ ಕ್ಷಣದಲ್ಲಿ.

"ಹೊಳಿಗೆ ಬಿಟ್ಟಿಲ್ಲೇನು? ಬೇಕಂತನ ಇಟಗೊಂಡು ಒತ್ತೀಯೇನು ಇದನ್ನ?"

ಅವಳ ಕಣ್ಣು ನೋಡಿದೆ. "ಹ್ಞೂಂ ಅಕ್ಕ. ನಿನ್ನ ಸಲುವಾಗಿ" ಎಂದೆ.

ಅವಳು ಸರ ಕಟ್ಟಿಕೊಂಡಳು. ಆರು ತಿಂಗಳ ಮೇಲೆ ಮೊದಲ ಸಲ ಚಪ್ಪಲಿ ಮೆಟ್ಟಿ ಅಂಗನವಾಡಿಗೆ ಹೋದಳು.

ಮಧ್ಯಾಹ್ನ ಬಂದಾಗ ಕೊರಳಿನಿಂದ ರವಿಕೆಯವರೆಗೆ ಕೆಂಪು ಇಳಿದಿತ್ತು. ಓಡಿಹೋಗಿ ಸೆರಗು ಸರಿಸಿ ನೋಡಿದೆ. ರಕ್ತವಲ್ಲ, ಜಾಜು. ತಗಡಿನ ಸೂರಿನ ಕೆಳಗೆ ಬೆವರು ಹರಿದು ನನ್ನ ಸರ ಕೆಸರಾಗಿತ್ತು. ದಾರದಲ್ಲಿ ಒಂದು ಬಿಲ್ಲೆಯೂ ಉಳಿದಿರಲಿಲ್ಲ.

"ಅಷ್ಟು ಓದೀ, ಮಣ್ಣು ಸುಡಬೇಕಂತ ಗೊತ್ತಿಲ್ಲೇನು ನಿನಗ?" ಎಂದಳು ಅಕ್ಕ. ಬೈಯುತ್ತಿದ್ದಳೋ ನಗುತ್ತಿದ್ದಳೋ ಎಂದು ನಿಶ್ಚಯವಾಗಿ ಹೇಳಲಾರೆ. ಸರ ಕರಗುವುದನ್ನು ಮೊದಲು ಒಂದು ಪುಟ್ಟ ಹುಡುಗಿ ಕಂಡಿತಂತೆ. ತಾನು ಮಾಡಿದ ಮಣ್ಣಿನ ಎತ್ತಿನ ಕೋಡು ಮುರಿದಿದೆ, ಆ ಮಣ್ಣು ಕೊಡಿ ಎಂದು ಕೈ ಚಾಚಿತಂತೆ. ಅಕ್ಕ ಕೊರಳಿನಿಂದ ಮಣ್ಣು ತೆಗೆತೆಗೆದು ಎಲ್ಲರ ಎತ್ತಿಗೂ ಕೋಡು ಕೂಡಿಸಿ ಬಂದಿದ್ದಳು.

"ನಾಳಿನೂ ಹೋಗ್ತೀನಿ" ಎಂದಳು ಮುಖ ತೊಳೆಯುತ್ತ. "ಬರೇ ಕೊರಳಾಗ ಹೋಗ್ತೀನಿ. ಸರ ಎಲ್ಲಿ ಅಂದ್ರ ಎತ್ತಿಗೆ ಕೊಟ್ಟೀನಿ ಅಂತೀನಿ." ಆಮೇಲೆ ದನಿ ತಗ್ಗಿಸಿ, ಆ ಕಾಲುಂಗುರ ನೀನೇ ಇಟ್ಟುಕೋ, ಇನ್ನು ಹೊಳೆಗೆ ಬಿಡಬೇಡ ಎಂದಳು. "ಒಬ್ರರ ನೆನಪಿಟಗೊಂಡಾರಲ್ಲ ಅನಿಸ್ತು. ಅದಕ್ಕ ಕಾಲು ಮುಂದ ಬಂತು ನೋಡು."

ರಾಯಚೂರಿಗೆ ಬಂದವಳೇ ದಿನಚರಿ ತೆರೆದೆ. ಸರ ಮಾಡಿದ ದಿನದ ಪುಟದಲ್ಲಿ ಒಂದೇ ಸಾಲಿತ್ತು: ‘ಹೊಸ ಅಚ್ಚು ಸಿಕ್ಕಿತು, ಚೆನ್ನಾಗಿ ಬರುತ್ತಿದೆ.’ ಬೇಕಂತ ಅಲ್ಲ, ಯಾರ ಸಲುವಾಗಿಯೂ ಅಲ್ಲ. ಇನ್ನೂ ಹಿಂದಕ್ಕೆ ಹೋದೆ. ಭಾವ ತೀರಿಕೊಂಡ ವಾರದ ಪುಟದಲ್ಲಿ, ನನ್ನದೇ ದುಂಡನೆಯ ಅಕ್ಷರದಲ್ಲಿ, ‘ಅಕ್ಕನ ಕಾಲುಂಗುರಗಳನ್ನು ಕೃಷ್ಣೆಗೆ ಬಿಟ್ಟುಬಂದೆ. ಮನಸ್ಸು ಹಗುರವಾಯಿತು’ ಎಂದು ಬರೆದಿದೆ. ಭಾನುವಾರ ಹೇಗೂ ಹೋಗುತ್ತೇನಲ್ಲ ಎಂದು ಮುಂಚೆಯೇ ಬರೆದಿಟ್ಟಿರಬೇಕು. ಆ ಭಾನುವಾರ ಏನಾಯಿತೋ ತಿಳಿಯದು. ಬರೆದದ್ದನ್ನು ನಾನು ನಂಬಿದೆ, ಮರೆತೆ. ಬರೆದಿಟ್ಟ ಸಾಕ್ಷಿಯ ಪ್ರಕಾರ ಆ ಕಾಲುಂಗುರಗಳು ಈಗ ಹೊಳೆಯ ತಳದಲ್ಲಿವೆ. ಹೊಲಿಗೆಯ ಡಬ್ಬಿಯಲ್ಲಿ ಬಿದ್ದಿರುವ ಜೋಡಿ ಯಾವುದೆಂದು ಇತಿಹಾಸಕ್ಕೆ ಗೊತ್ತಿಲ್ಲ.

ಅಕ್ಕ ದಿನಾ ಕೆಲಸಕ್ಕೆ ಹೋಗುತ್ತಿದ್ದಾಳೆ. ಪ್ರತಿ ಸಲ ಫೋನ್ ಮಾಡಿದಾಗಲೂ ಇವತ್ತು ನಿಜ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತೇನೆ. ಅವಳು ಮಕ್ಕಳ ಸುದ್ದಿ ತೆಗೆಯುತ್ತಾಳೆ, ನಾನು ಕೇಳಿಸಿಕೊಂಡು ಇಟ್ಟುಬಿಡುತ್ತೇನೆ. ಇನ್ನೂ ಹೇಳಿಲ್ಲ. ಹೇಳಿದೆನೆಂದು ದಿನಚರಿಯಲ್ಲಿ ಬರೆದಾಗಿದೆ.