ಒಗ್ಗರಣೆ ಡಬ್ಬಿಯ ಗುಂಡು ಮಾತ್ರೆ

ಏನನ್ನಾದರೂ ಕೇಳಿದಾಗ "ನನಗೆ ಗೊತ್ತಿಲ್ಲ" ಎಂದು ಹೇಳಿ ಸುಮ್ಮನಾಗುವವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಎಷ್ಟು ಹಗುರಾಗಿ ಮನೆಗೆ ಹೋಗುತ್ತಾರೆ ಅವರು! ನನ್ನ ನಾಲಿಗೆ ಆ ಎರಡು ಪದಕ್ಕೆ ಹೊರಳುವುದೇ ಇಲ್ಲ. ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದ್ದರ ಪರಿಣಾಮ ಇದು. ಮಕ್ಕಳ ಮುಂದೆ ಗೊತ್ತಿಲ್ಲ ಅಂದರೆ ತರಗತಿ ಕೈತಪ್ಪುತ್ತದೆ ಎಂಬ ಭಯಕ್ಕೆ ಶುರುವಾದ ಅಭ್ಯಾಸ, ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಈಗ ಬಸವೇಶ್ವರನಗರದ ನಮ್ಮ ಪಾರ್ಕಿನಲ್ಲಿ ವಾಕಿಂಗ್ ಬರುವ ಹೆಂಗಸರಿಗೆಲ್ಲ ನಾನು "ಮಿಸ್". ಮೊಸರು ಯಾಕೆ ಹುಳಿಯಾಯಿತು ಎನ್ನುವುದರಿಂದ ಹಿಡಿದು ಮೊಣಕಾಲು ಯಾಕೆ ಕಟಕಟ ಅನ್ನುತ್ತದೆ ಎನ್ನುವವರೆಗೆ ಎಲ್ಲಕ್ಕೂ ನನ್ನಲ್ಲಿ ಉತ್ತರವಿರುತ್ತದೆ. ಸರಿಯೋ ತಪ್ಪೋ, ಇರುತ್ತದೆ.

ಇಂಥ ನನಗೆ ಕಳೆದ ವರ್ಷ ಬಲಭುಜದ ಸ್ನಾಯುರಜ್ಜು ಹರಿಯಿತು. ಕ್ರಿಕೆಟ್ ಆಡಿ ಹರಿದಿದ್ದರೆ ಹೇಳಿಕೊಳ್ಳಲಾದರೂ ಮರ್ಯಾದೆ ಇರುತ್ತಿತ್ತು. ಬಾಲ್ಕನಿಯ ಸೂರಿನಲ್ಲಿ ಹಗ್ಗ ಎಳೆದರೆ ಮೇಲೆ ಹೋಗುವ ಬಟ್ಟೆ ಒಣಗಿಸುವ ಕಂಬಿಯಿದೆಯಲ್ಲ, ಅದಕ್ಕೆ ಒದ್ದೆ ಜಮಖಾನ ಹಾಕಿ ಒಂದೇ ಉಸಿರಿಗೆ ಎಳೆದೆ. ಜಮಖಾನ ಮೇಲೆ ಹೋಯಿತು, ಕೈ ಕೆಳಗೆ ಬಂತು. ಆಪರೇಷನ್ ಆಯಿತು. ಆರು ವಾರ ಕೈಯನ್ನು ಜೋಳಿಗೆಯಲ್ಲಿ ಹಾಕಿಕೊಂಡು ಕುಳಿತೆ. ಆಮೇಲೆ ವ್ಯಾಯಾಮ ಮಾಡಿಸಲು ಬಂದ ಫಿಸಿಯೋಥೆರಪಿ ಹುಡುಗಿ ಮೊದಲ ದಿನವೇ ಬ್ಯಾಗಿನಿಂದ ಏನು ತೆಗೆದಳು ಗೊತ್ತೇ? ಹಗ್ಗ ಮತ್ತು ರಾಟೆ! ಬಾಗಿಲಿಗೆ ಸಿಕ್ಕಿಸಿ, "ಎಳೀರಿ ಆಂಟಿ, ನಿಧಾನಕ್ಕೆ" ಅಂದಳು. ನಾನು ಆ ಹಗ್ಗದ ಮುಖ ನೋಡಿದೆ, ಹಗ್ಗ ನನ್ನ ಮುಖ ನೋಡಿತು.

ರೋಗಿಯಾಗಿರುವುದು ಇಷ್ಟು ದಣಿವಿನ ಕೆಲಸ ಅಂತ ನನಗೆ ಗೊತ್ತಿರಲಿಲ್ಲ. ಏನೂ ಮಾಡದೆ ಕೂತೇ ಸುಸ್ತಾಗುತ್ತಿತ್ತು. ಜೋಳದ ರೊಟ್ಟಿ ತಟ್ಟುವ ಹಾಗಿಲ್ಲ, ಅಂಗಡಿಯಿಂದ ತಂದ ರೊಟ್ಟಿ ಮುರಿದು ತಿನ್ನುವಾಗ ದಾವಣಗೆರೆಯ ನಮ್ಮಮ್ಮನ ನೆನಪಾಗುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಕಷ್ಟ ತಲೆ ಬಾಚುವುದು. ಕೈ ತಲೆಯವರೆಗೆ ಹೋಗದಿದ್ದರೆ ಜಡೆ ಯಾರು ಹೆಣೆಯಬೇಕು? ನಮ್ಮ ಯಜಮಾನರು. ಅವರು ವಿದ್ಯುತ್ ಇಲಾಖೆಯಲ್ಲಿ ಕೇಬಲ್ ಎಳೆಸಿ ನಿವೃತ್ತರಾದವರು. ಬೆಳಿಗ್ಗೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, "ಅಲುಗಾಡಬ್ಯಾಡ, ಸುಮ್ನ ಕೂಡು" ಎಂದು ಗದರಿ, ಮೂರು ಎಳೆ ಬಿಗಿದು ಕಟ್ಟಿದರೆಂದರೆ ನನ್ನ ಹುಬ್ಬು ಹಣೆಯ ಮೇಲಕ್ಕೆ ಏರುತ್ತಿತ್ತು. ಪಾರ್ಕಿನಲ್ಲಿ ಎಲ್ಲರೂ "ಯಾಕ್ ಮಿಸ್, ಏನಾದ್ರೂ ಆಶ್ಚರ್ಯದ ವಿಷ್ಯನಾ?" ಎಂದು ಕೇಳುತ್ತಿದ್ದರು.

ಫಿಸಿಯೋ ಹುಡುಗಿ ಇನ್ನೊಂದು ವ್ಯಾಯಾಮ ಹೇಳಿಕೊಟ್ಟಿದ್ದಳು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ಹತ್ತಿಸಬೇಕು. ಎಲ್ಲಿಯವರೆಗೆ ಹೋಯಿತೋ ಅಲ್ಲಿ ನಮ್ಮ ಯಜಮಾನರು ಪೆನ್ಸಿಲ್ಲಿನಲ್ಲಿ ಗೀಟು ಹಾಕುತ್ತಿದ್ದರು. ಗೀಟುಗಳು ದಿನಾ ಚೂರುಚೂರೇ ಮೇಲೇರಿ ಸ್ವಿಚ್ ಬೋರ್ಡಿನ ಹತ್ತಿರ ಬಂದು ನಿಂತವು. ನಿಂತದ್ದು ನಿಂತೇಬಿಟ್ಟವು. ಮೂರು ವಾರ ಒಂದೇ ಜಾಗದಲ್ಲಿ ಗೀಟಿನ ಮೇಲೆ ಗೀಟು. ನನ್ನ ಕೈ ಇನ್ನು ಇಷ್ಟೇ, ಸಾಯುವ ತನಕ ಈ ಮನುಷ್ಯನ ಕೈಲೇ ಜಡೆ ಎಂದು ನನಗೆ ನಿಜವಾಗಿಯೂ ಅಳು ಬಂತು.

ಆಗಲೇ ಪಾರ್ಕಿನಲ್ಲಿ ನಿವೃತ್ತ ಎಂಜಿನಿಯರೊಬ್ಬರು ಸಿಕ್ಕಿ ಕೇಳಿದರು: "ಮೇಡಂ, ನೀವು ಕೊಲೆಸ್ಟ್ರಾಲ್ ಮಾತ್ರೆ ತಗೋತೀರಾ?" ನಾಲ್ಕು ವರ್ಷದಿಂದ ತೆಗೆದುಕೊಳ್ಳುತ್ತಿದ್ದೇನೆ ಅಂದೆ. "ಅದೇ ನೋಡಿ ಮತ್ತೆ! ಆ ಮಾತ್ರೆ ಮಸಲ್ ಎಲ್ಲಾ ಕರಗಿಸಿಬಿಡುತ್ತೆ. ನಾನು ವಿಡಿಯೋದಲ್ಲಿ ನೋಡಿದೀನಿ" ಅಂದರು. ಬೇರೆ ದಿನವಾಗಿದ್ದರೆ ಅವರಿಗೆ ಒಂದು ಪೀರಿಯಡ್ಡಿನಷ್ಟು ಪಾಠ ಮಾಡುತ್ತಿದ್ದೆ. ಆದರೆ ದಣಿದ ಮನುಷ್ಯರಿಗೆ ಯಾರ ಮೇಲಾದರೂ ತಪ್ಪು ಹೊರಿಸಬೇಕಾಗಿರುತ್ತದೆ, ಮಾತ್ರೆಗೆ ಬಾಯಿಲ್ಲ. ಅವತ್ತು ರಾತ್ರಿಯ ಊಟದಿಂದಲೇ ನಿಲ್ಲಿಸಿದೆ.

ನಿಲ್ಲಿಸುವುದು ಸುಲಭವಿರಲಿಲ್ಲ, ಏಕೆಂದರೆ ಮಾತ್ರೆಗಳ ಉಸ್ತುವಾರಿ ನಮ್ಮ ಯಜಮಾನರದು. ಸಾಸಿವೆ, ಜೀರಿಗೆ ಹಾಕಿಡುವ ಹಳೆಯ ಸ್ಟೀಲಿನ ಒಗ್ಗರಣೆ ಡಬ್ಬಿಯಲ್ಲಿ ಏಳು ಬಟ್ಟಲುಗಳಿರುವುದನ್ನು ಕಂಡು, ವಾರಕ್ಕೂ ಏಳೇ ದಿನ ಎಂಬುದು ಅವರಿಗೆ ಹೊಳೆದಿತ್ತು. ಭಾನುವಾರ ಬೆಳಿಗ್ಗೆ ಕೂತು ಮಾತ್ರೆಗಳನ್ನೆಲ್ಲ ಸಿಪ್ಪೆ ಸುಲಿದು, ದಿನಕ್ಕೊಂದು ಬಟ್ಟಲಿನಂತೆ ತುಂಬಿ, ಖಾಲಿ ಹಾಳೆಗಳನ್ನು ಕಸಕ್ಕೆ ಹಾಕುತ್ತಿದ್ದರು. ಮಂಗಳವಾರದ ಮಾತ್ರೆಗೆ ಮೆಂತ್ಯದ ವಾಸನೆ. ಹೆಸರಿಲ್ಲದ ಆ ಮಾತ್ರೆಗಳಲ್ಲಿ ಬೆಳ್ಳಗೆ, ಗುಂಡಗೆ, ಚಿಕ್ಕದಾಗಿರುವುದು ಕೊಲೆಸ್ಟ್ರಾಲಿನದು ಅಂತ ನನಗೆ ನಾಲ್ಕು ವರ್ಷದ ಪರಿಚಯ. ಅದನ್ನು ಮಾತ್ರ ಅಂಗೈಯಲ್ಲಿ ಉಳಿಸಿಕೊಂಡು, ಬಾಲ್ಕನಿಗೆ ಹೋಗಿ ಕರಿಬೇವಿನ ಕುಂಡದೊಳಗೆ ಒತ್ತಿ ಬರುತ್ತಿದ್ದೆ.

ಹದಿನೈದು ದಿನಕ್ಕೆ ನನ್ನ ಬೆರಳು ಸ್ವಿಚ್ ಬೋರ್ಡು ದಾಟಿತು! ಇನ್ನೊಂದು ವಾರಕ್ಕೆ ಕ್ಯಾಲೆಂಡರಿನ ಕೆಳಗಿನ ಅಂಚು. ನಮ್ಮ ಯಜಮಾನರು ಗೀಟು ಹಾಕುತ್ತಾ "ಭೇಷ್" ಅಂದರು. ಮಧ್ಯೆ ಎದೆಯುರಿ, ಹುಳಿತೇಗು ಶುರುವಾಗಿದ್ದು ನಿಜ. ಅದಕ್ಕೆ ಅವರು ಮಾಡುತ್ತಿದ್ದ ಸಾರು ಕಾರಣ ಎಂದು ತೀರ್ಮಾನಿಸಿ, ಖಾರ ಹಿಡಿತದಲ್ಲಿರಲಿ ಎಂದು ಎರಡು ಸಲ ಜಗಳವನ್ನೂ ಆಡಿದೆ. ಪಾರ್ಕಿನಲ್ಲಂತೂ ನನ್ನನ್ನು ಹಿಡಿಯುವವರೇ ಇರಲಿಲ್ಲ. ಮಾತ್ರೆ ಬಿಟ್ಟೆ, ಕೈ ಎದ್ದಿತು, ಇದಕ್ಕಿಂತ ಪುರಾವೆ ಬೇಕೇ ಎಂದು ಬೆಂಚಿನ ಮೇಲೆ ಕೂತು ಭಾಷಣ ಮಾಡಿದೆ.

ಕುರುಬರಹಳ್ಳಿಯ ಜಯಮ್ಮ ಅದನ್ನು ಬಹಳ ಶ್ರದ್ಧೆಯಿಂದ ಕೇಳಿಸಿಕೊಂಡರು. ಆಕೆಯ ಮಗಳು ನನ್ನ ವಿದ್ಯಾರ್ಥಿನಿ, ಹಾಗಾಗಿ ನನ್ನ ಮಾತೆಂದರೆ ಜಯಮ್ಮನಿಗೆ ಪಠ್ಯಪುಸ್ತಕ. ಎರಡು ವರ್ಷದ ಹಿಂದೆ ಎದೆನೋವು ಬಂದು ಸ್ಟೆಂಟ್ ಹಾಕಿಸಿಕೊಂಡವರು, ಅವತ್ತಿನಿಂದ ಅವರಿಗೂ ಕೊಲೆಸ್ಟ್ರಾಲ್ ಮಾತ್ರೆ. "ನಂಗೂ ಮೀನಖಂಡ ಹಿಡ್ಕೊಳ್ತದೆ ಮಿಸ್. ನಾನೂ ಬಿಡ್ಲಾ?" ಎಂದು ಕೇಳಿದರು. ನಿಮ್ಮ ಡಾಕ್ಟರನ್ನು ಕೇಳಿ ಅನ್ನಬೇಕಿತ್ತು. ಆದರೆ ನಾನು, "ಬಿಟ್ಟು ನೋಡಿ, ಹದಿನೈದು ದಿನಕ್ಕೆ ನಿಮಗೇ ಗೊತ್ತಾಗುತ್ತೆ" ಅಂದೆ. ಅಂದವಳು ಮನೆಗೆ ಬಂದು ಕಾಫಿ ಕುಡಿದು ಪೇಪರ್ ಓದಿದೆ.

ಮೂರು ವಾರದ ಮೇಲೆ ರಕ್ತಪರೀಕ್ಷೆಯ ಚೀಟಿ ಹಿಡಿದು ನಮ್ಮ ಮಾಮೂಲಿ ಡಾಕ್ಟರಮ್ಮನ ಕ್ಲಿನಿಕ್ಕಿಗೆ ಹೋದೆವು. "ಕೊಲೆಸ್ಟ್ರಾಲ್ ಚೆನ್ನಾಗಿ ಹಿಡಿತದಲ್ಲಿದೆ" ಎಂದು ಆಕೆ ಅಂದ ಕೂಡಲೇ ನಾನು ಗೆಲುವಿನ ನಗೆ ನಕ್ಕು, "ಮಾತ್ರೆ ನಿಲ್ಲಿಸಿ ಒಂದೂವರೆ ತಿಂಗಳಾಯ್ತು ಡಾಕ್ಟ್ರೇ!" ಅಂದೆ. ಯಜಮಾನರು ಕುರ್ಚಿಯಲ್ಲೇ ನನ್ನ ಕಡೆ ತಿರುಗಿದರು. ಡಾಕ್ಟರಮ್ಮನಿಗೆ ನಂಬಿಕೆಯಾಗಲಿಲ್ಲ. ಯಾವ ಮಾತ್ರೆ ಅಂತ ಕೇಳಿದರು. ಬೆಳ್ಳಗೆ ಗುಂಡಗಿರುವುದು ಅಂದೆ. ಆಗ ನಮ್ಮ ಯಜಮಾನರು ತಲೆ ಕೆರೆದುಕೊಂಡು, "ಮೆಡಿಕಲ್ ಶಾಪಿನವರು ಆಪರೇಷನ್ ಆದಾಗಿಂದ ಬ್ಯಾರೆ ಕಂಪನೀದು ಕೊಡಾಕತ್ತಾರಲ್ಲ. ಕೊಲೆಸ್ಟ್ರಾಲಿಂದು ಈಗ ಉದ್ದಕ್ಕೈತಿ. ಗುಂಡಂದು ಗ್ಯಾಸಿಂದು" ಅಂದರು.

ಎದೆಯುರಿ ಎಲ್ಲಿಂದ ಬಂತೆಂದು ಆಗ ತಿಳಿಯಿತು. ನೋವಿನ ಮಾತ್ರೆಯಿಂದ ಹೊಟ್ಟೆ ಕೆಡದಿರಲಿ ಅಂತ ಕೊಟ್ಟಿದ್ದನ್ನು ನಾನು ಕರಿಬೇವಿಗೆ ತಿನ್ನಿಸಿ, ಕೊಲೆಸ್ಟ್ರಾಲಿನದನ್ನು ಒಂದು ದಿನವೂ ತಪ್ಪದೆ ನುಂಗಿದ್ದೆ. "ಕೆಲವರಿಗೆ ಆ ಮಾತ್ರೆಯಿಂದ ಮೈಕೈ ನೋವು ಬರೋದುಂಟು. ಬಂದ್ರೆ ನಮಗೆ ಹೇಳ್ಬೇಕು, ಟೆಸ್ಟ್ ಮಾಡಿ ಡೋಸ್ ಬದಲಾಯಿಸ್ತೀವಿ. ನಿಮ್ಮ ಭುಜಕ್ಕೆ ಟೈಮ್ ಬೇಕಿತ್ತು ಅಷ್ಟೇ, ಟೈಮ್ ಆಯ್ತು, ಎದ್ದಿದೆ" ಎಂದು ಡಾಕ್ಟರಮ್ಮ ನಿಧಾನವಾಗಿ, ಏಳನೇ ಕ್ಲಾಸಿನವರಿಗೆ ಹೇಳುವಂತೆ ಹೇಳಿದರು. ನನ್ನ ಕಿವಿಗೆ ಅರ್ಧವೂ ಬೀಳಲಿಲ್ಲ. ನನಗೆ ಜಯಮ್ಮನ ಎದೆ ನೆನಪಾಗಿತ್ತು.

ಅಲ್ಲಿಂದಲೇ ಆಟೋ ಹಿಡಿದು ಕುರುಬರಹಳ್ಳಿಗೆ ಹೋದೆ. ಜಯಮ್ಮ ಅವರೆಕಾಳು ಹಿಚುಕುತ್ತಾ ಕೂತಿದ್ದರು. ಬದುಕಿದ್ದಾರೆ ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. "ಮಾತ್ರೆ ಬಿಟ್ರಾ?" ಅಂದೆ. "ನೀವ್ ಹೇಳಿದ್ ದಿನಾನೇ ಬಿಟ್ಟೆ ಮಿಸ್! ಮೀನಖಂಡ ಈಗ ಹೂವಿನಂಗದೆ" ಅಂದರು. ನಾನು ಹೇಳಿದ್ದು ತಪ್ಪು, ಇವತ್ತೇ ಶುರು ಮಾಡಿ ಎಂದು ಎಷ್ಟು ಬೇಡಿಕೊಂಡರೂ ಆಕೆ ಒಪ್ಪಲಿಲ್ಲ. "ಡಾಕ್ಟ್ರು ನಿಮ್ಮನ್ನ ಹೆದರ್ಸವ್ರೆ ಬಿಡಿ. ನೀವ್ ಮೊದ್ಲು ಹೇಳಿದ್ದೇ ಸರಿ" ಎಂದು ನನಗೇ ಧೈರ್ಯ ಹೇಳಿದರು. ಮೂವತ್ತೊಂದು ವರ್ಷದಲ್ಲಿ ಇಷ್ಟು ಗಟ್ಟಿಯಾಗಿ ನನ್ನ ಪಾಠ ನಂಬಿದ ವಿದ್ಯಾರ್ಥಿ ಸಿಕ್ಕಿರಲಿಲ್ಲ. ಕೊನೆಗೆ ಅವರ ಹೃದಯದ ಡಾಕ್ಟರ ಹತ್ತಿರ ನಾನೂ ಜೊತೆಗೆ ಬರುತ್ತೇನೆ ಅಂದ ಮೇಲೆ ಹೊರಟರು.

ಡಾಕ್ಟರು ಇಸಿಜಿ ತೆಗೆಸಿದರು. ಚೀಟಿ ಹೊರಬರುವ ತನಕ ನಾನು ಗೊತ್ತಿದ್ದ ವಚನಗಳನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡೆ. ಸದ್ಯ, ಏನೂ ಆಗಿರಲಿಲ್ಲ. "ಇವತ್ತಿಂದಲೇ ಶುರು ಮಾಡಿ. ಕಾಲು ಹಿಡಿಯೋದಕ್ಕೆ ಬೇರೆ ನೋಡೋಣ" ಎಂದು ಬರೆದುಕೊಟ್ಟು, ಕನ್ನಡಕ ತೆಗೆದು ಕೇಳಿದರು: "ಸ್ಟೆಂಟ್ ಇರೋವ್ರು ಹಿಂಗೆ ಬಿಡ್ತಾರೇನಮ್ಮ? ಯಾರು ಹೇಳಿದ್ದು ನಿಮಗೆ?"

ಜಯಮ್ಮ ನನ್ನತ್ತ ತಿರುಗಿಯೂ ನೋಡಲಿಲ್ಲ. "ಪಾರ್ಕಲ್ಲಿ ಯಾರೋ ಓದು ಬರಹ ಇಲ್ದ ಹೆಂಗ್ಸು ಹೇಳಿದ್ಲು ಸಾರ್" ಅಂದರು.

"ನೋಡಿ, ನಿಮ್ಮಂಥ ತಿಳಿದವರು ಇವರ ಜೊತೆಗಿರಬೇಕು" ಎಂದು ಡಾಕ್ಟರು ನನಗೆ ಹೇಳಿದರು. ಆ ಹೆಂಗಸು ನಾನೇ ಎಂದು ಒಪ್ಪಿಕೊಳ್ಳಬೇಕಿತ್ತು. ತರಗತಿಯಲ್ಲಿ ತಪ್ಪೊಪ್ಪಿಕೊಳ್ಳುವ ಮಕ್ಕಳ ಹಾಗೆ ಕೈ ಎತ್ತಿದೆ. ಬಲಗೈ. ಅದು ಭುಜ ದಾಟಿ, ಕಿವಿ ದಾಟಿ, ನೆಟ್ಟಗೆ ತಲೆಯ ಮೇಲಕ್ಕೆ ಹೋಗಿ ನಿಂತಿತು. "ಅಯ್ಯೋ ಮಿಸ್, ಕೈ ನೋಡಿ, ಪೂರ್ತಿ ಎದ್ದೈತೆ!" ಎಂದು ಜಯಮ್ಮ ಕುರ್ಚಿಯಿಂದ ಎದ್ದೇ ಬಿಟ್ಟರು. ಡಾಕ್ಟರು ಕೈ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು.