ವಜ್ದಿಯ ಸ್ವಂತ ರೌಟರ್

ಅಮ್ಮಾನಿನಲ್ಲಿ ನೆರೆಯವರು ವೈಫೈ ಪಾಸ್‌ವರ್ಡ್ ಕೇಳಿದಾಗ ಇಲ್ಲ ಎನ್ನುವುದೂ ಒಂದೇ, ಮನೆಗೆ ಬಂದವರನ್ನು ಕಾಫಿ ಕೊಡದೆ ಕಳಿಸುವುದೂ ಒಂದೇ. ಹಾಗಾಗಿ ವಜ್ದಿಯ ಫೈಬರ್ ಸಂಪರ್ಕದಲ್ಲಿ ಇಡೀ ಕಟ್ಟಡವೇ ಸಂಸಾರ ಹೂಡಿತ್ತು. ಹೋದ ವಾರ ದೋಹಾದ ಕಂಪನಿಯವರು ವಿಡಿಯೋದಲ್ಲಿ ಅವನನ್ನು ಸಂದರ್ಶಿಸುವಾಗ ಅವನ ಚಿತ್ರ ಬಾಯಿ ತೆರೆದಂತೆಯೇ ನಿಂತುಬಿಟ್ಟಿತ್ತು. ಇಂದು ನಾಲ್ಕು ಗಂಟೆಗೆ ಅವರು ಕೊನೆಯ ಅವಕಾಶ ಕೊಟ್ಟಿದ್ದರು.

ವಜ್ದಿ ಎದೆಗುಂದುವವನಲ್ಲ. ಸ್ವಂತ ರೌಟರ್ ಕೊಂಡು ತಂದ. ಫೈಬರ್‌ನವರು ಕೊಟ್ಟ ಬಿಳಿ ಪೆಟ್ಟಿಗೆಯ ವೈಫೈ ಆರಿಸುವುದು, ತನ್ನ ರೌಟರಿಗೆ ತಂತಿ ಸಿಕ್ಕಿಸಿ ಯಾರಿಗೂ ಗೊತ್ತಿಲ್ಲದ ಪಾಸ್‌ವರ್ಡ್ ಇಡುವುದು, ಕೇಳಿದವರಿಗೆ ಲೈನ್ ಕೆಟ್ಟಿದೆ ಎನ್ನುವುದು. ಯೋಜನೆ ಗಟ್ಟಿಯಾಗಿತ್ತು. ಇಂಟರ್ನೆಟ್ ಮಾತ್ರ ಬರಲಿಲ್ಲ. ಬಂದವರು ಕೆಳಮನೆಯ ಉಮ್ ಗಸ್ಸಾನ್.

"ಏನಪ್ಪಾ ವಜ್ದಿ, ನೆಟ್ ಇಲ್ವಲ್ಲ? ನನ್ ಧಾರಾವಾಹೀಲಿ ಮದುವೆ ಅರ್ಧಕ್ಕೇ ನಿಂತೋಯ್ತು."

"ಲೈನ್ ಕೆಟ್ಟಿದೆಯಂತೆ ಚಿಕ್ಕಮ್ಮಾ. ನಾಳೆ ಸರಿಹೋಗುತ್ತೆ."

"ನಾಳೆಯಂತೆ ನಾಳೆ. ನಿನ್ನಂಥ ಸಾಧು ಸಿಕ್ರೆ ಹೀಗೇ ಆಟ ಆಡಿಸ್ತಾರೆ. ತಾಳು, ಅಬು ನಿಝಾರ್‌ನ ಕರೀತೀನಿ."

ಎದುರುಮನೆಯ ಅಬು ನಿಝಾರ್ ನಿವೃತ್ತ ಹೆಡ್‌ಮೇಷ್ಟ್ರು. ವಜ್ದಿ ತಡೆಯುವಷ್ಟರಲ್ಲಿ ಫೈಬರ್‌ನವರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿ, ಹಿಗ್ಗಾಮುಗ್ಗಾ ಝಾಡಿಸಿದರು. ಆ ಕಡೆಯ ಹೆಣ್ಣುದನಿ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡಿತು.

"ಸರ್, ಲೈನ್ ಸರಿಯಾಗೇ ಇದೆ. ನಿಮ್ಮಲ್ಲಿ ಯಾರೋ ಬೇರೆ ರೌಟರ್ ಸಿಕ್ಕಿಸಿದ್ದಾರೆ. ಅದಕ್ಕೆ ನಾವು ಕೊಡೋ ಲಾಗಿನ್ ಹಾಕ್ಬೇಕು."

ಇಬ್ಬರೂ ಮೇಜಿನ ಮೇಲೆ ನಾಲ್ಕು ಕೊಂಬು ನಿಗುರಿಸಿ ಕೂತಿದ್ದ ಕರಿ ಪೆಟ್ಟಿಗೆಯನ್ನು ನೋಡಿದರು. ಆಮೇಲೆ ವಜ್ದಿಯನ್ನು ನೋಡಿದರು.

"ಇದ್ಯಾವುದಯ್ಯಾ?" ಎಂದರು ಅಬು ನಿಝಾರ್.

ವಜ್ದಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಆದರೂ ದನಿ ನಡುಗಲಿಲ್ಲ. "ನಿಮಗೋಸ್ಕರಾನೇ ತಂದೆ ಚಿಕ್ಕಪ್ಪಾ. ಹಳೇದು ನಿಮ್ ಹಿಂದಿನ ಕೋಣೆಗೆ ಮುಟ್ತಿರ್ಲಿಲ್ಲ. ಹೇಳ್ದೇ ಹಾಕಿ ಖುಷಿಪಡಿಸೋಣ ಅಂತಿದ್ದೆ."

ಉಮ್ ಗಸ್ಸಾನ್ ಕಣ್ಣೊರೆಸಿಕೊಂಡರು. "ನಿನ್ ಹೆತ್ತವಳಿಗೆ ಅಲ್ಲಾಹು ಆಯಸ್ಸು ಕೊಡ್ಲಿ. ನಾನು ಸುಮ್ನೆ ನಿನ್ನನ್ನ ಜಿಪುಣ ಅಂದ್ಕೊಂಡಿದ್ದೆ."

ಕೂಡಲೇ ಎಂಜಿನಿಯರಿಂಗ್ ಓದುವ ತಮ್ಮ ಮಗಳು ಹದೀಲ್‌ಳನ್ನು ಕೂಗಿ ಕರೆದರು. ಹದೀಲ್ ಫೋನಿನಲ್ಲಿ ಲಾಗಿನ್ ಕೇಳಿಕೊಂಡು ಅದೇನೇನೋ ಒತ್ತಿದಳು. ನಾಲ್ಕಕ್ಕೆ ಇನ್ನೇನು ಸ್ವಲ್ಪವೇ ಉಳಿದಿತ್ತು. ಹಸಿರು ದೀಪ ಹತ್ತಿತು. ವಜ್ದಿಗೆ ಹೋದ ಜೀವ ಬಂತು. ಕೆಲಸ ಸಿಕ್ಕೇಬಿಟ್ಟಿತೆಂದು ಟೈ ಬಿಗಿದುಕೊಂಡು, ಎಲ್ಲರನ್ನೂ ಬಾಗಿಲವರೆಗೆ ಸಾಗಹಾಕಿ, ಮೆಲ್ಲನೆ ಕೇಳಿದ: "ಪಾಸ್‌ವರ್ಡ್ ಏನಿಟ್ಟೆ ತಂಗೀ?"

"ಹಳೇದೇ ಅಣ್ಣ. ಹೆಸರೂ ಹಳೇದೇ. ಯಾರೂ ಏನೂ ಬದಲಾಯಿಸ್ಕೊಳ್ಳೋದು ಬೇಡ, ತಾನಾಗೇ ಸೇರ್ಕೊಳ್ಳುತ್ತೆ. ಇದು ಭಾರಿ ಜೋರಾಗಿದೆ, ಬೀದಿಯಾಚೆ ಕ್ಷೌರದಂಗಡೀಲೂ ಹಿಡೀತಿದೆ. ಅವರಿಗೂ ಕೊಟ್ಬಿಟ್ಟೆ. ನೀನು ಬೇಡ ಅನ್ನಲ್ಲ ಅಂತ ಗೊತ್ತಿತ್ತು."

ದೋಹಾದ ಕರೆ ಬಂತು. ಸೂಟು ತೊಟ್ಟ ಸಾಹೇಬರು ನಗುತ್ತಾ ಮೊದಲ ಪ್ರಶ್ನೆ ಹಾಕಿದರು.

"ಎಲ್ಲರೊಡನೆ ಹಂಚಿಕೊಂಡು ಹೋಗುವ ಗುಣ ನಿಮ್ಮಲ್ಲಿದೆಯೇ?"

ಉತ್ತರಕ್ಕೆಂದು ವಜ್ದಿ ಬಾಯಿ ತೆರೆದ. ದೋಹಾದಲ್ಲಿ ಆ ಬಾಯಿ ಮತ್ತೆ ಮುಚ್ಚಲಿಲ್ಲ.